ಕಸೂತಿ ಪರ್ಸಿನ ಲಾಭ ಕೀನ್ಯಾಕ್ಕೆ: ಮೊದಲು ಹೊಲಿದವರ ಕೂಲಿ

ಅಕ್ಕನವರೇ, ಧಾರವಾಡದಲ್ಲಿ ಕಸೂತಿ ಪರ್ಸ್ ಮಾಡಿಸಿ, ಬಂದ ಹಣದಲ್ಲಿ ಅರ್ಧವನ್ನು ಕೀನ್ಯಾದ ಶಾಲೆಗೆ ಕೊಡಬೇಕೆಂದಿದ್ದೀರಿ. ಬೆಲೆ ಎಷ್ಟಿಡಲಿ, ಹಣ ಹೇಗೆ ಕಳುಹಿಸಲಿ ಎಂದು ಕೇಳಿದ್ದೀರಿ. ಒಳ್ಳೆಯ ಕೆಲಸ, ಆದರೆ ಅರ್ಧವೆಂದು ಈಗಲೇ ಮಾತು ಕೊಡಬೇಡಿ.

ಹುಬ್ಬಳ್ಳಿಯಲ್ಲಿ ನಾನೂ ಇದನ್ನೇ ಮಾಡುತ್ತೇನೆ. ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸುವ ಕೆಲಸ. ಒಂದು ಎಳೆ ತಪ್ಪಿದರೆ ಗೋಪುರದ ಚಿತ್ತಾರದ ತುದಿ ಕೂಡುವುದಿಲ್ಲ, ಬಿಚ್ಚಲೇಬೇಕು. ಬಿಚ್ಚಿದ ಹೊತ್ತಿಗೂ ಕೂಲಿ ಹಿಡಿಯಿರಿ. ಹೊಲಿಯುವ ಹೆಣ್ಣುಮಕ್ಕಳ ಕೂಲಿ ಕಡಿದು ದೂರದ ಮಕ್ಕಳಿಗೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಕೂಲಿ, ಬಟ್ಟೆ, ಅಸ್ತರ, ಜಿಪ್, ಅಂಚೆ ಎಲ್ಲ ಕಳೆದು ಉಳಿದದ್ದು ಮಾತ್ರ ಲಾಭ, ಪಾಲು ಅದರಲ್ಲಿರಲಿ.

ಗವಂತಿ, ಮುರ್ಗಿ ಎರಡೂ ಬದಿ ಒಂದೇ ರೀತಿ ಕಾಣುವ ಹೊಲಿಗೆಗಳು. ಅಸ್ತರ ಹಾಕಿದರೆ ಆ ಅಂದ ಒಳಗೇ ಉಳಿಯುತ್ತದೆ. ಆದ್ದರಿಂದ ಪರ್ಸಿಗೆ ನಾನು ನೇಯ್ಗೆ, ಮೆಂತೆ ಎಂಬ ಹೊಲಿಗೆಗಳನ್ನು ಹೆಚ್ಚು ಹಾಕಿಸುತ್ತೇನೆ. ಗುಳೇದಗುಡ್ಡದ ಖಣ ಬಳಸಿದರೆ ಕತ್ತರಿಸಿದ ಅಂಚು ಎಳೆ ಬಿಡುತ್ತದೆ. ಹಿಂದೆ ಗಟ್ಟಿ ಬಟ್ಟೆ ಕೊಡಿ. ಅಗ್ಗದ ಜಿಪ್ ಹಾಕಿ ಒಮ್ಮೆ ಹನ್ನೆರಡು ಪರ್ಸ್ ವಾಪಸ್ ಬಂದವು, ಆ ತಪ್ಪು ನೀವು ಮಾಡಬೇಡಿ.

ಹಣದ ವಿಷಯ: ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ವ್ಯಕ್ತಿಯೊಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳುಹಿಸಬಹುದು, ದೇಣಿಗೆಯೂ ಅದರಲ್ಲಿ ಸೇರಿದೆ. ಕಳುಹಿಸುವವರು ಪಾಲುದಾರಿಕೆ ಸಂಸ್ಥೆ ಅಥವಾ ಟ್ರಸ್ಟ್ ಆಗಿದ್ದರೆ ಈ ದಾರಿಯಿಲ್ಲ. ನಿಮ್ಮ ಹೆಸರಿನ ಖಾತೆಯಿಂದ, ಪ್ಯಾನ್ ಕೊಟ್ಟು, ಬ್ಯಾಂಕಿನ ಮೂಲಕವೇ ಕಳುಹಿಸಿ. ವಿದೇಶಿ ಸಂಸ್ಥೆಗೆ ನೇರವಾಗಿ ಕೊಟ್ಟದ್ದಕ್ಕೆ ದೇಣಿಗೆಯ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಶಾಲೆಯಿಂದ ರಸೀದಿ ತರಿಸಿ, ಹೊಲಿದವರಿಗೂ ತೋರಿಸಿ.