ನಾಜಿ ಆಕ್ರಮಿತ ಪ್ಯಾರಿಸ್‌ನ ಪ್ರೇಮಕಥೆಗೆ ಚಿತ್ರಕಥೆ ಬರೆಯುತ್ತಿದ್ದೇನೆ. ವೈರ್‌ಲೆಸ್ ವಿವರಗಳನ್ನು ಕತ್ತರಿಸಿ ಪ್ರೇಮಕ್ಕೆ ಜಾಗ ಮಾಡಲೇ?

ಕತ್ತರಿಸಬೇಡಿ. ನಿಮ್ಮ ಸಾರಾಂಶ ಓದುತ್ತಿದ್ದ ಹಾಗೆ ನನ್ನ ಹಳೇ ಚಿತ್ರಕಥೆಯ 31ನೇ ಪುಟ ಕಣ್ಣೆದುರು ಬಂತು. 1943ರ ಪ್ಯಾರಿಸ್, ಕದ್ದು ಲಂಡನ್ನಿಗೆ ಸುದ್ದಿ ಕಳಿಸುವ ಹುಡುಗಿ, ಸುಳ್ಳು ಗುರುತಿನ ಚೀಟಿ ಅಚ್ಚು ಹಾಕುವ ಹುಡುಗ. ನನ್ನದೂ ಇದೇ ಕಥೆ. ‘ನಮ್ಮ ಪ್ರೇಕ್ಷಕರಿಗೆ ರೇಡಿಯೋ ಕಟ್ಟಿಕೊಂಡು ಏನಾಗಬೇಕು’ ಅಂದುಕೊಂಡಿದ್ದೂ ಇದೇ.

31ನೇ ಪುಟದಲ್ಲಿ ಏನಿತ್ತು ಅಂದರೆ, ಅಟ್ಟದ ಕೋಣೆ, ಹೊರಗೆ ಮಳೆ. ಹುಡುಗಿ ಚುಕ್ಕೆ-ಗೆರೆ ಸಂಕೇತದಲ್ಲಿ ಸುದ್ದಿ ಕಳಿಸುವ ಮೋರ್ಸ್ ಕೀ ಒತ್ತುತ್ತಾ ಕೂತಿದ್ದಾಳೆ. ಹುಡುಗ ಬರುತ್ತಾನೆ. ಅವಳು ಕೀ ಬಿಡದೆಯೇ ಅವನ ಜತೆ ಮಾತು, ಮುನಿಸು, ಅಳು ಎಲ್ಲಾ ಮುಗಿಸುತ್ತಾಳೆ. ಸುದ್ದಿಯ ಕೊನೆಯಲ್ಲಿ ತನ್ನ ಪ್ರೀತಿಯ ವಿಷಯವನ್ನೂ ಸೇರಿಸಿ ಲಂಡನ್ನಿಗೆ ಕಳಿಸುತ್ತಾಳೆ. ಒಟ್ಟು 40 ನಿಮಿಷ, ಹಾಗಂತ ನಾನೇ ಬರೆದಿದ್ದೆ. ಆಮೇಲೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಓದಿದ ಗೆಳೆಯರೆಲ್ಲ ಕಣ್ಣೊರೆಸಿಕೊಂಡಿದ್ದರು. ನಿರ್ಮಾಪಕರು ಅದನ್ನು ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ದುಡಿದು ನಿವೃತ್ತರಾದ ಒಬ್ಬರ ಕೈಗೆ ಕೊಟ್ಟರು. ಅವರು ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದರು: ‘ಇವಳು ಯಾವತ್ತೋ ಸಿಕ್ಕಿಬಿದ್ದಾಗಿದೆ. ಉಳಿದ ಅರ್ಧ ಗಂಟೆ ಮಾತಾಡ್ತಿರೋದು ಯಾರು?’ ಕಥೆಯ ಉತ್ತರಾರ್ಧ ಪೂರ್ತಿ ಆ 40 ನಿಮಿಷದ ಮೇಲೆ ನಿಂತಿತ್ತು. ಕುಸಿಯಿತು.

ಯಾಕೆ ತಪ್ಪು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಸುದ್ದಿಯನ್ನು ಗುಪ್ತಲಿಪಿಗೆ ತಿರುಗಿಸಿ ಐದೈದು ಅಕ್ಷರಗಳ ಗುಂಪು ಮಾಡಿಕೊಂಡು ಕಳಿಸುತ್ತಿದ್ದರು. ಪಳಗಿದ ಕೈ ನಿಮಿಷಕ್ಕೆ ಸುಮಾರು 20 ಗುಂಪು ಬಡಿಯುತ್ತೆ ಅಂತಿಟ್ಟುಕೊಳ್ಳಿ. 60 ಗುಂಪಿನ ಸುದ್ದಿಗೆ ಮೂರು ನಿಮಿಷ. ಕರೆಯೋದು, ಅತ್ತಲಿಂದ ‘ಕೇಳಿಸ್ತು’ ಅನ್ನಿಸಿಕೊಳ್ಳೋದು, ತಪ್ಪಿದ ಗುಂಪನ್ನು ಮತ್ತೆ ಕಳಿಸೋದು ಎಲ್ಲಾ ಸೇರಿ ಹತ್ತು ನಿಮಿಷ. ನನ್ನ ಹುಡುಗಿಯ 40 ನಿಮಿಷ ಅಂದರೆ 800 ಗುಂಪು, 4,000 ಅಕ್ಷರ. ಅಷ್ಟನ್ನೂ ಅವಳು ಮೊದಲೇ ಚೌಕುಳಿ ಹಾಳೆಯ ಮೇಲೆ ಕೈಯಾರೆ, ಎರಡೆರಡು ಸಲ ಅದಲುಬದಲು ಮಾಡಿ ಇಟ್ಟುಕೊಂಡಿರಬೇಕು. ಹಾಗಿದ್ದ ಮೇಲೆ ಹುಡುಗನ ಎದುರಿಗೆ ಉಕ್ಕಿಬಂದ ಪ್ರೀತಿಯನ್ನು ನಿಂತ ನಿಲುವಿನಲ್ಲೇ ಸುದ್ದಿಗೆ ಸೇರಿಸಿದ್ದು ಹೇಗೆ? ಕೀ ಮೇಲೆ ಕೈ ಇಡುವ ಹೊತ್ತಿಗೆ ಹೊಸದಾಗಿ ಹೇಳೋದಕ್ಕೆ ಅವಳ ಹತ್ತಿರ ಏನೂ ಉಳಿದಿರಲ್ಲ.

ಅತ್ತ ಜರ್ಮನರು ಸುಮ್ಮನೆ ಕೂತಿರುತ್ತಿರಲಿಲ್ಲ. ಮೊದಲು ದೂರದ ಸ್ಥಿರ ಕೇಂದ್ರಗಳು ರೇಡಿಯೋ ಅಲೆ ಬರುವ ದಿಕ್ಕು ಹಿಡಿಯುತ್ತವೆ. ಎರಡು ಮೂರು ಕಡೆಯಿಂದ ಎಳೆದ ಗೆರೆಗಳು ಸೇರಿದಲ್ಲಿ ಊರು ಸಿಗುತ್ತೆ. ಊರೊಳಗೆ ಇದೇ ಕೆಲಸ ಮಾಡುವ ವ್ಯಾನುಗಳು ಹುಡುಕಾಟವನ್ನು ಬೀದಿಯವರೆಗೆ ತಂದು ನಿಲ್ಲಿಸುತ್ತವೆ. ಕೊನೆಗೆ ಕೋಟಿನೊಳಗೆ ಪುಟ್ಟ ರಿಸೀವರ್ ಕಟ್ಟಿಕೊಂಡವನು ನಡೆದೇ ಬರುತ್ತಾನೆ. ಇನ್ನೊಂದು ಉಪಾಯವೂ ಇತ್ತು. ಒಂದೊಂದೇ ಭಾಗದ ಕರೆಂಟ್ ತೆಗೆಯೋದು, ಯಾವ ಭಾಗದ ಕರೆಂಟ್ ಹೋದಾಗ ಮೋರ್ಸ್ ನಿಂತಿತೋ ಅಲ್ಲಿಗೆ ನುಗ್ಗೋದು. ಅದಕ್ಕೇ ಬುದ್ಧಿವಂತ ಆಪರೇಟರುಗಳು 6 ವೋಲ್ಟಿನ ಕಾರ್ ಬ್ಯಾಟರಿ ಇಟ್ಟುಕೊಳ್ಳುತ್ತಿದ್ದರು. ಇಪ್ಪತ್ತು ನಿಮಿಷ ದಾಟಬಾರದು, ಒಂದೇ ಮನೆಗೆ ಅಂಟಿಕೊಳ್ಳಬಾರದು. ಇದು ಜೀವ ಉಳಿಸುವ ಲೆಕ್ಕ.

ಹಾಗಾದರೆ ಪ್ರೇಮಕ್ಕೆ ಜಾಗ ಎಲ್ಲಿ ಅಂತೀರಿ. ನಿಮ್ಮ ಪ್ರಶ್ನೆಯೇ ತಪ್ಪು ಅಂತ ನನಗನ್ನಿಸೋದು ಇಲ್ಲೇ. ರೇಡಿಯೋ ಒಂದು ಕಡೆ, ಪ್ರೇಮ ಇನ್ನೊಂದು ಕಡೆ ಅಂತ ತಕ್ಕಡಿಗೆ ಹಾಕಿದ್ದೀರಿ. ಅವೆರಡೂ ಒಂದೇ ದೃಶ್ಯ. ಹುಡುಗನನ್ನು ಕಿಟಕಿಯ ಹತ್ತಿರ ಕಾವಲಿಗೆ ನಿಲ್ಲಿಸಿ. ಬೀದಿಗೆ ವ್ಯಾನ್ ಬಂತಾ ನೋಡೋದು, ನಿಮಿಷ ಎಣಿಸೋದು ಅವನ ಕೆಲಸ. ಹತ್ತು ನಿಮಿಷ ಅವಳು ತಲೆಯೆತ್ತುವ ಹಾಗಿಲ್ಲ, ಅವನು ತಿರುಗಿ ನೋಡುವ ಹಾಗಿಲ್ಲ. ‘ಏಳು’, ‘ಎಂಟು’, ‘ಸಾಕು, ನಿಲ್ಲಿಸು’. ಸಂಭಾಷಣೆ ಇಷ್ಟೇ. ನಾನು ಆಮೇಲೆ ಹೀಗೆ ತಿದ್ದಿದೆ. ಆದರೆ ಒಮ್ಮೆ ಮುಚ್ಚಿದ ನಿರ್ಮಾಪಕರ ಬಾಗಿಲು ಮತ್ತೆ ತೆರೆಯಲಿಲ್ಲ.

ಪ್ರೀತಿಯ ಮಾತು ಅಲೆಯ ಮೇಲೆ ಹೋಗಲೇಬೇಕು ಅಂತಿದ್ದರೆ ದಿಕ್ಕು ತಿರುಗಿಸಿ. ಬಿಬಿಸಿಯ ಫ್ರೆಂಚ್ ಪ್ರಸಾರದಲ್ಲಿ ‘ವೈಯಕ್ತಿಕ ಸಂದೇಶಗಳು’ ಅಂತ ಒಂದಿಷ್ಟು ಅರ್ಥವಿಲ್ಲದ ವಾಕ್ಯ ಓದುತ್ತಿದ್ದರು. ‘ಅಜ್ಜಿಯ ಬೆಕ್ಕು ಹಾಲು ಮುಟ್ಟಲಿಲ್ಲ’ ಅನ್ನೋ ಥರದ್ದು (ಇದು ನನ್ನ ಕಲ್ಪನೆಯದು). ಕೇಳಬೇಕಾದವರಿಗೆ ಮಾತ್ರ ಅದು ‘ಇವತ್ತು ರಾತ್ರಿ ವಿಮಾನ ಬರುತ್ತೆ’ ಅಥವಾ ‘ಅವನು ಕ್ಷೇಮವಾಗಿ ತಲುಪಿದ’. ಸಣ್ಣ ದನಿಯಲ್ಲಿಟ್ಟ ರೇಡಿಯೋಗೆ ಕಿವಿಯಾನಿಸಿ ಆ ಒಂದು ವಾಕ್ಯಕ್ಕೆ ಕಾಯುವ ಹುಡುಗಿ ಸಾಕು, ಹಿನ್ನೆಲೆ ಸಂಗೀತವೂ ಬೇಡ.

ನಿಜವಾದ ಆಪರೇಟರ್ ಒಬ್ಬಳ ಬದುಕು ಓದಬೇಕು ಅಂದರೆ ನೂರ್ ಇನಾಯತ್ ಖಾನ್‌ಳದ್ದು ಓದಿ. ತಂದೆಯ ಕಡೆಯಿಂದ ನಮ್ಮ ಟಿಪ್ಪು ಸುಲ್ತಾನನ ವಂಶದವಳು, ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೆನ್‌ನಲ್ಲಿ. ಬ್ರಿಟಿಷರ ಗುಪ್ತ ಆಪರೇಟರಾಗಿ 1943ರ ಜೂನ್ 16ರ ರಾತ್ರಿ ಲೈಸಾಂಡರ್ ಅನ್ನೋ ಪುಟ್ಟ ವಿಮಾನದಲ್ಲಿ ಫ್ರಾನ್ಸಿನ ಹೊಲವೊಂದರಲ್ಲಿ ಇಳಿದಳು. ಆ ವಿಮಾನಗಳು ಬರುತ್ತಿದ್ದದ್ದೇ ಹುಣ್ಣಿಮೆಯ ಆಚೀಚೆ, ಬೆಳದಿಂಗಳಿಲ್ಲದೆ ಹೊಲ ಕಾಣಿಸುತ್ತಿರಲಿಲ್ಲ. ನಿಮ್ಮ ಜೋಡಿ ಅಗಲುವ ರಾತ್ರಿಯನ್ನು ಅಮಾವಾಸ್ಯೆಗೆ ಇಟ್ಟಿದ್ದೀರಿ, ಬದಲಾಯಿಸಿ. ಬಂದು ಕೆಲವೇ ದಿನಗಳಲ್ಲಿ ನೂರ್‌ಳ ಗುಂಪಿನವರು ಸಾಲುಸಾಲಾಗಿ ಸಿಕ್ಕಿಬಿದ್ದರೂ ಅವಳು ಮನೆಯಿಂದ ಮನೆಗೆ ತಿರುಗುತ್ತಾ ಅಕ್ಟೋಬರ್‌ನಲ್ಲಿ ಸಿಕ್ಕಿಬೀಳುವವರೆಗೆ ಸುದ್ದಿ ಕಳಿಸಿದಳು. ಅವಳ ಒಂದು ತಪ್ಪು ಮಾತ್ರ ದುಬಾರಿಯಾಯಿತು. ಕಳಿಸಿದ ಸುದ್ದಿಗಳ ಪ್ರತಿಯನ್ನು ನೋಟ್‌ಬುಕ್ಕಿನಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಹಿಡಿದುಕೊಂಡು ಜರ್ಮನರು ಅವಳ ಹೆಸರಿನಲ್ಲೇ ಸುಳ್ಳು ಸುದ್ದಿ ಕಳಿಸುತ್ತಾ ಲಂಡನ್ ಜತೆ ಆಟ ಆಡಿದರು. 1944ರ ಸೆಪ್ಟೆಂಬರ್ 13ರಂದು ಅವಳನ್ನು ಡಾಕೌ ಯಾತನಾ ಶಿಬಿರದಲ್ಲಿ ಕೊಂದರು. ನಿಮ್ಮ ನಾಯಕಿ ಪ್ರೇಮಪತ್ರಗಳನ್ನು ಪೆಟ್ಟಿಗೆಯಲ್ಲಿ ಕೂಡಿಡುತ್ತಾಳೆ ಅಂತ ಬರೆದಿದ್ದೀರಲ್ಲ, ಕೂಡಿಡಲಿ. ಆದರೆ ಆ ಪೆಟ್ಟಿಗೆ ಯಾರನ್ನಾದರೂ ಬಲಿ ತೆಗೆದುಕೊಳ್ಳಲೇಬೇಕು.

ಪ್ರೇಮವೇ ಮುಂದೆ ನಿಲ್ಲುವ ನಿಜ ಘಟನೆ ಬೇಕೇ, ಲಿಯೋನ್‌ಗೆ ಹೋಗಿ. ಅಲ್ಲಿ ಜರ್ಮನರ ವಿರುದ್ಧ ಗುಪ್ತವಾಗಿ ಹೋರಾಡುತ್ತಿದ್ದ ಲೂಸಿ ಒಬ್ರಾಕ್‌ಳ ಗಂಡ ರೇಮೊನ್ 1943ರ ಜೂನ್‌ನಲ್ಲಿ ಬೇರೆ ಹೆಸರಿನಲ್ಲಿ ಸೆರೆಯಾದ. ಬಸುರಿಯಾಗಿದ್ದ ಲೂಸಿ ಜರ್ಮನರ ಕಚೇರಿಗೇ ನಡೆದು, ‘ಇವನಿಂದ ಮಗುವಾಗುತ್ತಿದೆ, ಇವನನ್ನು ಕೊಲ್ಲುವ ಮುಂಚೆ ಮದುವೆ ಮಾಡಿಸಿ’ ಅಂತ ಕೇಳಿದಳು. ಸಾವಿನಂಚಿನಲ್ಲಿರುವವರ ಮದುವೆಗೆ ಫ್ರೆಂಚ್ ಕಾನೂನಿನಲ್ಲಿ ಅವಕಾಶವಿತ್ತು. 1939ರಲ್ಲೇ ಕಟ್ಟಿಕೊಂಡ ಗಂಡನನ್ನು ಮತ್ತೆ ಮದುವೆಯಾಗುವ ನಾಟಕ ನೋಡಿ! ಅಕ್ಟೋಬರ್ 21ರಂದು ಆ ಕಚೇರಿಯಿಂದ ಅವನನ್ನು ಮೊಂಲ್ಯುಕ್ ಜೈಲಿಗೆ ವಾಪಸ್ ಒಯ್ಯುವ ದಾರಿಯಲ್ಲಿ ಲೂಸಿ ಮತ್ತು ಅವಳ ಸಂಗಡಿಗರು ಲಾರಿಗೆ ಅಡ್ಡಹಾಕಿ ಬಿಡಿಸಿಕೊಂಡರು. ಇಲ್ಲಿ ಪ್ರೇಮ ಬೇರೆ, ಕಾಗದಪತ್ರ ಬೇರೆ ಅಂತ ಬಿಡಿಸಿ ತೋರಿಸಿ ನೋಡೋಣ.

ಉಳಿದ ಚಿಲ್ಲರೆ ತಪ್ಪುಗಳು. ಜೂನ್ ತಿಂಗಳ ರಾತ್ರಿ ಎಂಟಕ್ಕೆ ಕತ್ತಲಾಗಿದೆ ಅಂದಿದ್ದೀರಿ. ಆಗ ಪ್ಯಾರಿಸ್ ಗಡಿಯಾರ ಜರ್ಮನ್ ಸಮಯಕ್ಕೆ ತಿರುಗಿತ್ತು, ಸೂರ್ಯ ಮುಳುಗುತ್ತಿದ್ದದ್ದೇ ಹತ್ತರ ಹತ್ತಿರ. ನಾಯಕಿ ಕೆಫೆಯಲ್ಲಿ ಕೂತು ಒಂದರ ಹಿಂದೊಂದು ಸಿಗರೇಟ್ ಸೇದುತ್ತಾಳೆ. ಹೆಂಗಸರಿಗೆ ತಂಬಾಕಿನ ರೇಷನ್ನೇ ಇರಲಿಲ್ಲ, ಪಕ್ಕದ ಮೇಜಿನವನು ತಿರುಗಿ ನೋಡುತ್ತಾನೆ. ಮತ್ತೆ ಎರಡನೇ ದೃಶ್ಯದಲ್ಲಿ ಅವಳು ರೇಡಿಯೋ ಸೂಟ್‌ಕೇಸನ್ನು ಒಂದೇ ಕೈಯಲ್ಲಿ ಹಿಡಿದು, ನಗುತ್ತಾ, ಮಾತಾಡುತ್ತಾ ಮೂರು ಮಹಡಿ ಓಡಿ ಹತ್ತುತ್ತಾಳೆ. ಆ ಕಾಲದ ಸೆಟ್ಟು ಸುಮಾರು 15 ಕಿಲೋ ತೂಗುತ್ತಿತ್ತು. ಅಷ್ಟು ಅಕ್ಕಿಯನ್ನು ಒಂದು ಬ್ಯಾಗಿಗೆ ತುಂಬಿಕೊಂಡು ನಿಮ್ಮನೆ ಮೆಟ್ಟಿಲು ಮೂರು ಸಲ ಹತ್ತಿ, ಆಮೇಲೆ ಆ ಸಂಭಾಷಣೆಯನ್ನು ಮತ್ತೆ ಬರೆಯಿರಿ.