ಹೊಸ ಸಹಾಯಕಿಯರಿಗೆ ಔಷಧ ಕೊಡುವುದನ್ನು ಸುರಕ್ಷಿತವಾಗಿ ಕಲಿಸುವುದು ಹೇಗೆ?

ತಾಲ್ಲೂಕು ಕೇಂದ್ರವೊಂದರಲ್ಲಿ 30 ಹಾಸಿಗೆಗಳ ನರ್ಸಿಂಗ್ ಹೋಮ್ ನಡೆಸುತ್ತಿರುವ ನೀವು, ಹೊಸದಾಗಿ ಸೇರಿರುವ ಆರು ಮಂದಿ ಸಹಾಯಕಿಯರಿಗೆ ಮಾತ್ರೆ, ಇಂಜೆಕ್ಷನ್ ಕೊಡುವುದನ್ನು ಅನಾಹುತವಾಗದಂತೆ ಕಲಿಸುವುದು ಹೇಗೆ, ಅದಕ್ಕೆ ಎಷ್ಟು ದಿನ ಬೇಕು ಎಂದು ಕೇಳಿದ್ದೀರಿ. ನಾನು 22 ವರ್ಷಗಳಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಕಳೆದ ಒಂಬತ್ತು ವರ್ಷಗಳಿಂದ ಹೊಸಬರನ್ನು ವಾರ್ಡಿಗೆ ಸಿದ್ಧಗೊಳಿಸುವ ಹೊಣೆಯೂ ನನ್ನ ಮೇಲಿದೆ.

ಪಾಠಕ್ಕಿಂತ ಮೊದಲು ಇತ್ಯರ್ಥವಾಗಬೇಕಾದ ವಿಷಯ ಒಂದಿದೆ. ನಮ್ಮ ಕಡೆಯ ಸಣ್ಣ ಆಸ್ಪತ್ರೆಗಳಲ್ಲಿ ‘ಸಿಸ್ಟರ್’ ಎಂದು ಕರೆಸಿಕೊಳ್ಳುವವರಲ್ಲಿ ಎಎನ್‌ಎಂ, ಜಿಎನ್‌ಎಂ ಎಂಬ ನರ್ಸಿಂಗ್ ಕೋರ್ಸ್ ಮುಗಿಸಿದವರೂ ಇರುತ್ತಾರೆ, ಕೆಲವೇ ತಿಂಗಳ ಕೋರ್ಸ್ ಮಾಡಿದವರೂ ಇರುತ್ತಾರೆ, ಯಾವ ಓದೂ ಇಲ್ಲದೆ ನೋಡಿ ನೋಡಿಯೇ ಕೆಲಸ ಕಲಿತವರೂ ಇರುತ್ತಾರೆ. ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಎಷ್ಟೇ ಚುರುಕಾಗಿದ್ದರೂ ಅವರ ಕೈಗೆ ಸಿರಿಂಜ್ ಕೊಡಬೇಡಿ. ರೋಗಿಯ ತೂಕ ನೋಡುವುದು, ಕೈಪಟ್ಟಿಯ ಹೆಸರು ಓದಿ ಹೇಳುವುದು, ಇಂಜೆಕ್ಷನ್ ಆದ ಮೇಲೆ ಮೈಯಲ್ಲಿ ದದ್ದು ಎದ್ದಿತೇ, ಉಸಿರು ಕಟ್ಟಿತೇ ಎಂದು ಪಕ್ಕದಲ್ಲೇ ನಿಂತು ಗಮನಿಸಿ ಕೂಡಲೇ ಕೂಗಿ ಕರೆಯುವುದು, ಇಷ್ಟನ್ನು ಅವರಿಗೆ ಚೆನ್ನಾಗಿ ಕಲಿಸಿದರೆ ಅದೇ ದೊಡ್ಡ ಸಹಾಯ. ಮುಂದೆ ನಾನು ಹೇಳುವುದೆಲ್ಲ ನೋಂದಣಿ ಇರುವವರಿಗೆ ಸಂಬಂಧಿಸಿದ್ದು.

ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ (ಬಾಯಿಂದಲೋ, ಸ್ನಾಯುವಿಗೋ, ರಕ್ತನಾಳಕ್ಕೋ), ಸರಿಯಾದ ಸಮಯ ಎಂಬ ಐದನ್ನು ಅವರೆಲ್ಲ ಕಾಲೇಜಿನಲ್ಲೇ ಬಾಯಿಪಾಠ ಮಾಡಿರುತ್ತಾರೆ. ಅದನ್ನೇ ಮತ್ತೊಮ್ಮೆ ಬೋರ್ಡಿನ ಮೇಲೆ ಬರೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು, ಒಂದೇ ಹೆಸರಿನ ಇಬ್ಬರು ಅಜ್ಜಿಯರಿದ್ದ ವಾರ್ಡಿನಲ್ಲಿ, “ಲಕ್ಷ್ಮಮ್ಮ ಅಂದರೆ ನೀವೇ ಅಲ್ವಾ ಅಜ್ಜಿ?” ಎಂದು ಕೇಳಿ, ಅವರು “ಹೂಂ” ಎಂದ ಕೂಡಲೇ ಬಿ.ಪಿ. ಮಾತ್ರೆಯನ್ನು ಕೊಟ್ಟುಬಿಟ್ಟೆ. ಮಾತ್ರೆ ಬರೆದಿದ್ದು ಕಿಟಕಿ ಪಕ್ಕದ ಲಕ್ಷ್ಮಮ್ಮನವರಿಗೆ. ರಾತ್ರಿಯಿಡೀ ಅರ್ಧ ಗಂಟೆಗೊಮ್ಮೆ ಬಿ.ಪಿ. ನೋಡುತ್ತಾ, ತಪ್ಪಾಗಿ ಮಾತ್ರೆ ನುಂಗಿದ ಅಜ್ಜಿಯ ಹಾಸಿಗೆಯ ಬಳಿ ಕುಳಿತಿದ್ದೆ. ಅವರಿಗೆ ಏನೂ ಆಗಲಿಲ್ಲ. ಜ್ವರದಲ್ಲಿರುವವರು, ಕಿವಿ ಮಂದವಾದವರು, ಆಸ್ಪತ್ರೆಯೆಂದರೆ ಅಂಜುವವರು ನಾವು ಏನು ಕೇಳಿದರೂ ಹೂಂಗುಟ್ಟುತ್ತಾರೆ ಎಂಬುದು ನನಗೆ ಗೊತ್ತಾದದ್ದು ಹಾಗೆ. ಆದ್ದರಿಂದ ನಾನು ಮೊದಲ ದಿನ ಕಲಿಸುವುದು ಒಂದೇ ವಾಕ್ಯ: “ನಿಮ್ಮ ಹೆಸರೇನಮ್ಮಾ, ಯಾವ ಊರು?” ಉತ್ತರ ರೋಗಿಯ ಬಾಯಿಂದಲೇ ಬರಬೇಕು, ಅದು ಕೈಪಟ್ಟಿಗೂ ಕೇಸ್ ಶೀಟಿಗೂ ಹೊಂದಬೇಕು.

ಎರಡನೆಯದು ಇನ್ಸುಲಿನ್. ಇದಕ್ಕೆ ಒಂದು ಪೂರ್ತಿ ದಿನ ಮೀಸಲಿಡಿ. ನಮ್ಮಲ್ಲಿ ವಯಲ್‌ನಲ್ಲಿ (ಪುಟ್ಟ ಬಾಟಲಿಯಲ್ಲಿ) ಬರುವ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್‌ನಲ್ಲಿ (ಪೆನ್ನಿನೊಳಗಿನ ಔಷಧದ ಕೊಳವೆಯಲ್ಲಿ) ಇರುವುದು ಸಾಮಾನ್ಯವಾಗಿ 100 ಯೂನಿಟ್‌ನದು. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ಪೆನ್ನಿನ ಸೂಜಿ ಮುಗಿದಿದೆಯೆಂದು ಯಾರಾದರೂ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿಗೆ 20ರ ಗೆರೆಯವರೆಗೆ ಎಳೆದರೆ, ರೋಗಿಯ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50 ಯೂನಿಟ್. ತಿರುಗುಮುರುಗಾಗಿ ವಯಲ್‌ನಿಂದ ಕಿತ್ತಳೆ ಸಿರಿಂಜಿಗೆ 20ರವರೆಗೆ ಎಳೆದರೆ ಹೋಗುವುದು ಬರೀ 8. ಇದನ್ನು ಮಾತಿನಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಮರುದಿನ ಮರೆಯುತ್ತಾರೆ. ಎರಡೂ ಬಗೆಯ ಸಿರಿಂಜುಗಳಲ್ಲಿ ಅವರ ಕೈಯಿಂದಲೇ 20ರ ಗೆರೆಯವರೆಗೆ ನೀರು ಎಳೆಸಿ ಪಕ್ಕಪಕ್ಕದಲ್ಲಿ ಹಿಡಿಸಿ. ಗೆರೆ ಒಂದೇ, ನೀರಿನ ಪ್ರಮಾಣ ಬೇರೆ ಎಂಬುದನ್ನು ಕಣ್ಣಾರೆ ಕಂಡವರು ಮರೆಯುವುದಿಲ್ಲ. ಯೂನಿಟ್ ಎಂಬುದನ್ನು ಇಂಗ್ಲಿಷಿನ ‘ಯು’ ಅಕ್ಷರವೊಂದರಿಂದ ಬರೆಯುವ ರೂಢಿಯನ್ನೂ ನಿಲ್ಲಿಸಿ, ಏಕೆಂದರೆ ಅವಸರದ ಬರಹದಲ್ಲಿ ಅದು ಸೊನ್ನೆಯಂತೆ ಕಂಡು 20 ಎಂಬುದು 200 ಆಗುತ್ತದೆ.

ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದವರಿಗೆ ಕೊಡುವ ಪೊಟ್ಯಾಸಿಯಂ ಕ್ಲೋರೈಡ್ ವಿಷಯದಲ್ಲಿ ತರಬೇತಿಯನ್ನೇ ನಂಬಿಕೊಳ್ಳಬೇಡಿ. ಅದರ 10 ಮಿ.ಲೀ. ಆಂಪ್ಯೂಲ್ (ಮುಚ್ಚಿದ ಪುಟ್ಟ ಶೀಶೆ) ನೋಡಲು ಇಂಜೆಕ್ಷನ್ ಪುಡಿಗೆ ಬೆರೆಸುವ ನೀರಿನ ಆಂಪ್ಯೂಲಿನಂತೆಯೇ ಇರುತ್ತದೆ. ದ್ರವದಲ್ಲಿ ಬೆರೆಸಿ ನಿಧಾನವಾಗಿ ಕೊಡುವ ಬದಲು ನೇರವಾಗಿ ರಕ್ತನಾಳಕ್ಕೆ ಚುಚ್ಚಿದರೆ ಹೃದಯವೇ ನಿಂತುಹೋಗಬಹುದು. ವಾರ್ಡಿನ ಟ್ರೇಯಿಂದ ಇಂದೇ ಅದನ್ನು ತೆಗೆಸಿ, ಬೀಗ ಹಾಕಿದ ಕಪಾಟಿನಲ್ಲಿ ಬೇರೆಯಾಗಿ ಇಡಿಸಿ. ಇಬ್ಬರು ಓದಿ ಸಹಿ ಮಾಡದೆ ಹೊರಗೆ ಬರಕೂಡದು.

ಮಕ್ಕಳ ಔಷಧದಲ್ಲಿ ಲೆಕ್ಕ ಮುಖ್ಯ. ಪ್ಯಾರಾಸಿಟಮಾಲ್ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 100 ಮಿ.ಗ್ರಾಂ. ಇದ್ದರೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 120 ಅಥವಾ 250 ಮಿ.ಗ್ರಾಂ. ಇರುತ್ತದೆ, ಹಾಗಾಗಿ ‘ಇಷ್ಟು ಎಂ.ಎಲ್.’ ಎಂಬ ಆದೇಶ ಸಾಲದು, ಮಿಲಿಗ್ರಾಂ ಕೇಳಬೇಕು. ದಿನವೂ ಬೆಳಿಗ್ಗೆ ಒಂದು ಲೆಕ್ಕ ಕೊಡಿ. ಅಮಿಕಾಸಿನ್ ಎಂಬ ಆ್ಯಂಟಿಬಯೋಟಿಕ್‌ನ ವಯಲ್‌ನಲ್ಲಿ 2 ಮಿ.ಲೀ.ಗೆ 500 ಮಿ.ಗ್ರಾಂ. ಇದೆ, ಮಗುವಿಗೆ 150 ಮಿ.ಗ್ರಾಂ. ಬರೆದಿದ್ದಾರೆ, ಎಷ್ಟು ಎಳೆಯುತ್ತೀರಿ? 0.6 ಮಿ.ಲೀ. ಎಂದು ಒಬ್ಬೊಬ್ಬರೂ ಬೇರೆ ಬೇರೆ ಕುಳಿತು ಬರೆದು ತೋರಿಸಬೇಕು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ಒಪ್ಪಿಕೊಳ್ಳುವುದು ಎರಡನೆಯ ಪರಿಶೀಲನೆಯಲ್ಲ.

ಇಷ್ಟೆಲ್ಲ ಕಲಿತವರೂ ತಪ್ಪು ಮಾಡುವುದು ಹೆಚ್ಚಾಗಿ ಕೇಳಲು ಹೆದರಿದಾಗ. ಇದು ನಿಮ್ಮ ಕೈಯಲ್ಲಿರುವ ವಿಷಯವಾದ್ದರಿಂದ ಒತ್ತಿ ಹೇಳುತ್ತೇನೆ. ಡಾಕ್ಟರ ಅಕ್ಷರ ಅರ್ಥವಾಗದಿದ್ದಾಗ, ರಾತ್ರಿ ಎರಡು ಗಂಟೆಗೆ ಫೋನಿನಲ್ಲಿ ಬಂದ ಆದೇಶ ಸ್ಪಷ್ಟವಾಗದಿದ್ದಾಗ, ಹೊಸ ಹುಡುಗಿ ಮತ್ತೆ ಫೋನ್ ಮಾಡಿದರೆ ಬೈಸಿಕೊಳ್ಳುತ್ತಾಳೆ ಎಂದಾದರೆ ಅವಳು ಊಹಿಸಿಯೇ ಕೊಡುತ್ತಾಳೆ. ಔಷಧದ ಹೆಸರುಗಳನ್ನು ಓದಲು ಬರುವಂತೆ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯರ ನಡವಳಿಕೆಯ ನಿಯಮದಲ್ಲೇ 2016ರಿಂದ ಇದೆ. ನಿಮ್ಮಲ್ಲಿಗೆ ಬರುವ ಡಾಕ್ಟರುಗಳಿಗೆ ಅದನ್ನು ಸಿಸ್ಟರ್‌ಗಳ ಎದುರಿನಲ್ಲೇ ನೆನಪಿಸಿ. ಫೋನಿನ ಆದೇಶವನ್ನು ಬರೆದುಕೊಂಡು, ಹೆಸರು, ಪ್ರಮಾಣ, ಮಾರ್ಗ ಮೂರನ್ನೂ ತಿರುಗಿ ಓದಿ ಹೇಳಿ, ಆ ಕಡೆಯಿಂದ ಹೌದು ಎಂದ ಮೇಲೆಯೇ ಔಷಧ ತೆಗೆಯುವುದು ನಿಯಮವಾಗಲಿ. ಇಂಜೆಕ್ಷನ್ ತುಂಬುತ್ತಿರುವವರನ್ನು ಯಾರೂ ಮಾತಿಗೆ ಎಳೆಯಬಾರದು, ನೀವೂ ಸಹ.

ದಿನಗಳ ಲೆಕ್ಕ ಕೇಳಿದ್ದೀರಿ. ನನ್ನ ಅನುಭವದಲ್ಲಿ ಮೊದಲ ವಾರ ನೋಡುವುದಕ್ಕೆ, ಮುಂದಿನ ಎರಡು ವಾರ ಹಿರಿಯರೊಬ್ಬರು ಪಕ್ಕದಲ್ಲಿ ನಿಂತಿರುವಾಗ ಕೊಡುವುದಕ್ಕೆ ಬೇಕು. ಒಬ್ಬರಿಗೆ ತುಂಬಿದ್ದನ್ನು ಕೊಟ್ಟು, ಚಾರ್ಟಿನಲ್ಲಿ ಸಹಿ ಹಾಕಿದ ನಂತರವೇ ಮುಂದಿನ ರೋಗಿಯದನ್ನು ತುಂಬುವ ಅಭ್ಯಾಸ ಆ ದಿನಗಳಲ್ಲೇ ಕೂರಬೇಕು. ಇನ್ನೇನು ಆಗಿಬಿಡುತ್ತಿತ್ತು ಎನ್ನುವಾಗ ಕೊನೆಗಳಿಗೆಯಲ್ಲಿ ಕಂಡು ತಡೆದ ತಪ್ಪುಗಳನ್ನು ಬರೆದಿಡಲು ಒಂದು ಪುಸ್ತಕ ಇಡಿ, ಬರೆದವರಿಗೆ ಶಿಕ್ಷೆಯಿಲ್ಲ ಎಂದು ನೀವೇ ಹೇಳಿ, ಶನಿವಾರ ಅವರೊಂದಿಗೆ ಕುಳಿತು ಓದಿ. ಒಂದು ತಿಂಗಳು ತುಂಬುವವರೆಗೆ ಯಾರನ್ನೂ ರಾತ್ರಿ ಪಾಳಿಯಲ್ಲಿ ಒಬ್ಬರನ್ನೇ ಬಿಡಬೇಡಿ.