ಪಿಲ್ಸನ್‌ನಲ್ಲಿ ಮನೆ ತಗೊಳ್ಳಿ, ಆದರೆ ಮೊದಲು ಸ್ಪ್ಯಾನಿಷ್ ಕಲಿಯಿರಿ

ಶಿಕಾಗೋದ ಮೆಕ್ಸಿಕನ್ ಏರಿಯಾ ಪಿಲ್ಸನ್‌ನಲ್ಲಿ ಗಂಡಸರದ್ದೇ ದರ್ಬಾರಂತೆ, ಹುಡುಗಿ ಒಬ್ಬಳೇ ಇರಬಹುದಾ ಅಂತ ಕೇಳಿದ್ದೀರಿ. ಓದಲು ಬಂದಾಗ ನಾನೂ ಇದನ್ನೇ ಕೇಳಿದ್ದೆ. ಶಿಕಾಗೋ ಹೊರವಲಯದ ನೇಪರ್‌ವಿಲ್‌ನಲ್ಲಿದ್ದ ನಮ್ಮವರೆಲ್ಲ ಬೇಡ ಅಂದರು. ಅವರಲ್ಲಿ ಯಾರೂ ಅಲ್ಲಿ ಒಂದು ರಾತ್ರಿಯೂ ಇದ್ದವರಲ್ಲ.

ಪಿಲ್ಸನ್‌ನಲ್ಲಿ, 18ನೇ ಬೀದಿಯ ಪಿಂಕ್ ಲೈನ್ ರೈಲು ಸ್ಟೇಷನ್ ಹತ್ತಿರದ ಒಂದು ಮನೆಯ ಮಹಡಿಯಲ್ಲಿ ಎರಡು ವರ್ಷ ಇದ್ದೆ. ಕೆಳಗೆ ಮನೆ ಒಡತಿಯ ಸಂಸಾರ. ಅವರನ್ನು ಎಲ್ಲರ ಹಾಗೆ ನಾನೂ ದೋನ್ಯಾ ಅನ್ನುತ್ತಿದ್ದೆ, ನಮ್ಮಲ್ಲಿ ಅಮ್ಮಾವ್ರು ಅಂದ ಹಾಗೆ. 1960ರ ದಶಕದಲ್ಲಿ ಯೂನಿವರ್ಸಿಟಿ ಕ್ಯಾಂಪಸ್ ಕಟ್ಟಲು ಪಕ್ಕದ ಬಡಾವಣೆ ಕೆಡವಿದಾಗ, ಮನೆ ಕಳೆದುಕೊಂಡು ಇಲ್ಲಿಗೆ ಬಂದವರು ಅವರ ಅತ್ತೆ.

ಗಂಡು ಹೆಣ್ಣಿನ ಭೇದ ಇತ್ತು, ಇಲ್ಲ ಅನ್ನಲ್ಲ. ಗಂಡ, ಮಗ ಉಂಡ ಮೇಲೇ ದೋನ್ಯಾ ತಟ್ಟೆ ಹಾಕಿಕೊಳ್ಳುತ್ತಿದ್ದರು. ಮಗ ಎಷ್ಟು ಹೊತ್ತಿಗೆ ಬಂದರೂ ಕೇಳುವವರಿಲ್ಲ. ಹದಿನೇಳರ ಮಗಳು ಮಾತ್ರ ಒಂಬತ್ತಕ್ಕೆ ಮನೆಯೊಳಗಿರಬೇಕು. ಬಿಸಿಲಲ್ಲಿ ಅಲೆದು ಕಪ್ಪಾಗ್ತೀಯ ಅಂತ ಅಜ್ಜಿಯ ಬೈಗುಳ ಬೇರೆ. ಇದೆಲ್ಲ ನಮ್ಮ ಮನೆಗಳಲ್ಲೂ ಕೇಳಿದ್ದೇ ಅಲ್ವಾ?

ಡಿಸೆಂಬರ್‌ನಲ್ಲಿ ತಮಾಲೆ ಮಾಡುವ ದಿನ ನನ್ನನ್ನೂ ಕರೆದರು. ನೆನೆಸಿದ ಮೆಕ್ಕೆಜೋಳದ ಸಿಪ್ಪೆಗೆ ಹಿಟ್ಟು ಸವರಿ, ಹೂರಣ ಇಟ್ಟು ಮಡಚಿ, ಹಬೆಯಲ್ಲಿ ಬೇಯಿಸುವುದು. ನಮ್ಮ ಕೊಟ್ಟೆ ಕಡುಬಿನ ತಂಗಿ ಅನ್ನಿ. ನಾನು ಸಸ್ಯಾಹಾರಿ ಅಂತ ದೋನ್ಯಾ ಹಂದಿ ಕೊಬ್ಬು ಹಾಕದೆ ಬೇರೆ ಹಿಟ್ಟು ಕಲಸಿಟ್ಟಿದ್ದರು. ಹೆಂಗಸರೆಲ್ಲ ಮೇಜಿನ ಸುತ್ತ, ಗಂಡಸರು ಟಿವಿ ಮುಂದೆ. ನನಗೆ ಸಿಟ್ಟು ಬಂತು. ಮಗಳಿಗೆ ಇಂಗ್ಲಿಷಿನಲ್ಲಿ ಹೇಳಿದೆ: "ನಿಮ್ಮಮ್ಮನ ಹಾಗೆ ಆಗಬೇಡ. ಕಾಲೇಜಿನ ನೆಪದಲ್ಲಿ ಇಲ್ಲಿಂದ ಹೊರಟುಬಿಡು."

ದೋನ್ಯಾಗೆ ಇಂಗ್ಲಿಷ್ ಬರಲ್ಲ ಅಂತ ಅಂದುಕೊಂಡಿದ್ದೆ. ಯಾಕೆ ಹಾಗಂದುಕೊಂಡೆ? ನನ್ನ ಹತ್ತಿರ ಅವರು ಸ್ಪ್ಯಾನಿಷ್ ಮಾತಾಡುತ್ತಿದ್ದರು, ಅಷ್ಟೇ. ಬೆಳಗಿನ ನಾಲ್ಕಕ್ಕೆ ಎದ್ದು, ಹನ್ನೆರಡು ವರ್ಷ ಸ್ಟೇಷನ್ ಬಳಿ ತಮಾಲೆ ಮಾರಿದವರು ಅವರು. ಮನೆ ಸಾಲದ ಕಂತು ಕಟ್ಟುತ್ತಿದ್ದದ್ದು ಆ ದುಡ್ಡಿನಿಂದ. ಇಂಗ್ಲಿಷಿನಲ್ಲಿದ್ದ ನನ್ನ ಬಾಡಿಗೆ ಕರಾರನ್ನು ಸಾಲು ಸಾಲಾಗಿ ಓದಿ ಸಹಿ ಹಾಕಿದ್ದೂ ಅವರೇ. ನನ್ನ ಕಣ್ಣೆದುರಿಗೇ! ಆದರೂ, ಒಲೆ ಮುಂದೆ ನಿಂತ ಹೆಂಗಸು, ಇವರಿಗೇನು ತಿಳಿಯುತ್ತೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಕುಂದಾಪುರದಲ್ಲಿ ನನ್ನಮ್ಮನೂ ಎಲ್ಲರದಾದ ಮೇಲೇ ಉಣ್ಣೋದು. ಅಮ್ಮನ ಬಗ್ಗೆ ಯಾರಾದರೂ ಹೀಗಂದಿದ್ದರೆ ನಾನು ಸುಮ್ಮನಿರುತ್ತಿದ್ದೆನಾ?

ದೋನ್ಯಾ ಕೈ ಒಂದು ಕ್ಷಣ ನಿಂತಿತು. ಆಮೇಲೆ ಮತ್ತೆ ಹಿಟ್ಟು ಸವರತೊಡಗಿದರು. ಮಾರನೇ ದಿನದಿಂದ ಮಗಳು ಲೆಕ್ಕ ಹೇಳಿಸಿಕೊಳ್ಳಲು ಮಹಡಿಗೆ ಬರಲಿಲ್ಲ. ಅವಳನ್ನು ಬೇರೆ ಊರಿನ ಕಾಲೇಜಿಗೆ ಕಳಿಸಲು ದೋನ್ಯಾ ತಿಂಗಳುಗಟ್ಟಲೆ ಗಂಡನ ಮನಸ್ಸು ಒಲಿಸುತ್ತಿದ್ದರಂತೆ. ನನ್ನಿಂದಾಗಿ ಆ ಮಾತೇ ನಿಂತುಹೋಯಿತು. ಅವಳು ಮನೆಯಿಂದ ಹೋಗಿಬರುವ ಕಾಲೇಜು ಸೇರಿದಳು. ನನಗೆ ಇವತ್ತಿಗೂ ಇದು ನೋವು.

ಅದಕ್ಕೇ ಅಲ್ಲಿನ ಗಂಡಸರು ಹೇಗೆ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಹೆಂಗಸರು ಏನು ಮಾಡಿದ್ದಾರೆ ಅಂತ ಕೇಳಿ. 1973ರಲ್ಲೇ ಪಿಲ್ಸನ್‌ನಲ್ಲಿ 'ಮುಹೇರೆಸ್ ಲಾತಿನಾಸ್ ಎನ್ ಆಕ್ಸಿಯೋನ್' ಅನ್ನೋ ಸಂಸ್ಥೆ ಕಟ್ಟಿಕೊಂಡವರು ಅವರು. ಮನೆಯಲ್ಲಿ ಹೊಡೆತ ತಿಂದ ಹೆಂಗಸರ ಜೊತೆ ಅದು ಈಗಲೂ ನಿಲ್ಲುತ್ತೆ.

ಮನೆ ತಗೊಳ್ಳಿ. ಸ್ಪ್ಯಾನಿಷ್ ಕಲಿಯಿರಿ, ಆರು ತಿಂಗಳು ಬುದ್ಧಿ ಹೇಳೋಕೆ ಹೋಗಬೇಡಿ. ಸಸ್ಯಾಹಾರಿಯಾದರೆ ತಮಾಲೆ ಕೊಳ್ಳುವಾಗ "ಸಿನ್ ಮಾಂತೆಕಾ?" ಅಂತ ಕೇಳಿ, ಕೊಬ್ಬು ಹಾಕಿಲ್ಲವಾ ಅಂತ. ಈ ಎರಡು ಪದ ನನಗೆ ಕಲಿಸಿದ್ದು ದೋನ್ಯಾನೇ.